ದಾಳದ ಲೆಕ್ಕಕ್ಕೆ ಸಿಗದ ಮೆಷಿನ್ ಗನ್

ಎರಡನೇ ಮಹಾಯುದ್ಧದ ಒಂದು ಕಾಳಗವನ್ನು ಮೇಜಿನ ಮೇಲೆ ಆಡಲು ನಿಯಮ ಬರೆಯಬೇಕಾಗಿದೆ ಎಂದುಕೊಳ್ಳಿ. ಬ್ರಿಟಿಷರ ಬ್ರೆನ್ ಗನ್ ನಿಮಿಷಕ್ಕೆ ಸುಮಾರು 500 ಗುಂಡು ಹಾರಿಸುತ್ತದೆ, ಜರ್ಮನ್ನರ ಎಂಜಿ-42 ಸುಮಾರು 1200. ಹಾಗಾದರೆ ಬ್ರೆನ್‌ಗೆ ಐದು ದಾಳ, ಎಂಜಿ-42ಕ್ಕೆ ಹನ್ನೆರಡು ದಾಳ. ಆರು ಬಿದ್ದ ಪ್ರತಿ ದಾಳಕ್ಕೂ ಎದುರಾಳಿಯ ಒಬ್ಬ ಸೈನಿಕನನ್ನು ಎತ್ತಿಡುವುದು. ಇಷ್ಟಕ್ಕೆ ಲೆಕ್ಕ ಮುಗಿಯಿತು ಅನ್ನಿಸುತ್ತದೆ. ಆದರೆ ಇಂಥ ನಿಯಮದಲ್ಲಿ ಮೆಷಿನ್ ಗನ್ ಒಂದು ದೊಡ್ಡ ಕೋವಿಯಷ್ಟೇ ಆಗಿ ಉಳಿಯುತ್ತದೆ. ನಿಜವಾದ ರಣರಂಗದಲ್ಲಿ ಅದು ಮಾಡುವ ಕೆಲಸವೇ ಬೇರೆ.

ಯುದ್ಧದಾಟಕ್ಕೆ ದಾಳ ಬಂದದ್ದರಲ್ಲೇ ಒಂದು ವಿವೇಕವಿತ್ತು. ನಮ್ಮ ಚದುರಂಗದಲ್ಲಿ ಕಾಯಿ ಹೊಡೆದರೆ ಎದುರಿನ ಕಾಯಿ ಬಿದ್ದೇ ಬೀಳಬೇಕು. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ತನ್ನ ತಂದೆಯ ಆಟವನ್ನು ತಿದ್ದಿ 1824ರಲ್ಲಿ ಹೊರತಂದ ‘ಕ್ರೀಗ್‌ಸ್ಪೀಲ್’ನಲ್ಲಿ ಆ ಖಚಿತತೆ ಇರಲಿಲ್ಲ. ಗುಂಡಿನ ಫಲವನ್ನು ದಾಳ ಉರುಳಿಸಿ, ಕೋಷ್ಟಕ ನೋಡಿ ತಿಳಿಯಬೇಕಿತ್ತು. ಆಗಿನ್ನೂ ಮೆಷಿನ್ ಗನ್ ಹುಟ್ಟಿರಲಿಲ್ಲ. ಹೈರಮ್ ಮ್ಯಾಕ್ಸಿಮ್ ಅದನ್ನು ರೂಪಿಸುವ ಹೊತ್ತಿಗೆ 1884 ಆಗಿತ್ತು.

ಗುಂಡು ಎರಡು ಪಟ್ಟಾದರೆ ಸಾವು ಎರಡು ಪಟ್ಟಾಗುತ್ತದೆ ಎಂಬ ಊಹೆ ಏಕೆ ತಪ್ಪು ಎಂದು ತಿಳಿಯಲು ಹುಣಸೆ ಬೀಜ ಸಾಕು. ನೆಲದಲ್ಲಿ ಹತ್ತು ಕುಳಿ ತೋಡಿ. ಪ್ರತಿ ಬೀಜವೂ ಯಾವುದಾದರೊಂದು ಕುಳಿಗೆ ಬೀಳುವಂತೆ, ಆದರೆ ಯಾವುದಕ್ಕೆಂದು ಗುರಿಯಿಡದೆ ಹತ್ತು ಬೀಜ ಎಸೆಯಿರಿ. ಹತ್ತೂ ಕುಳಿ ತುಂಬುವುದಿಲ್ಲ. ಕೆಲವಕ್ಕೆ ಎರಡು ಮೂರು ಬೀಳುತ್ತವೆ, ಕೆಲವು ಖಾಲಿ ಉಳಿಯುತ್ತವೆ. ಸರಾಸರಿಯಲ್ಲಿ ಬೀಜ ಕಾಣುವುದು 6.5 ಕುಳಿಗಳು. ಇಪ್ಪತ್ತು ಎಸೆದರೆ 8.8. ಬೀಜ ದುಪ್ಪಟ್ಟಾದರೂ ತುಂಬಿದ ಕುಳಿ ಒಂದೂವರೆ ಪಟ್ಟು ಕೂಡ ಆಗಲಿಲ್ಲ. ಕುಳಿಯ ಜಾಗದಲ್ಲಿ ಹತ್ತು ಮಂದಿಯ ತುಕಡಿಯನ್ನು ಇಟ್ಟು ನೋಡಿದರೆ, ಹೆಚ್ಚುವರಿ ಗುಂಡುಗಳಲ್ಲಿ ಬಹಳಷ್ಟು ಆಗಲೇ ಬಿದ್ದವನ ಮೇಲೆಯೇ ಬೀಳುತ್ತವೆ.

ಇನ್ನು ‘ನಿಮಿಷಕ್ಕೆ 1200’ ಎಂಬುದು ವೇಗವೇ ಹೊರತು ಖರ್ಚಿನ ಲೆಕ್ಕವಲ್ಲ. ಎಂಜಿ-42ರ ಐವತ್ತು ಗುಂಡಿನ ಬೆಲ್ಟ್ ಎರಡೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ, ಬ್ರೆನ್‌ನ ಮೂವತ್ತರ ಮ್ಯಾಗಜೀನ್ ಮೂರೂವರೆ ಸೆಕೆಂಡು ಚಿಲ್ಲರೆಗೆ. ನಳಿಗೆ ಕಾದು ಬದಲಿಸಬೇಕಾಗುತ್ತದೆ. ಹಾಗಾಗಿ ಗನ್ನಿನವರು ಬಿಟ್ಟು ಬಿಟ್ಟು, ಸಣ್ಣ ಸಣ್ಣ ಸರಗಳಲ್ಲಿ ಹೊಡೆಯುತ್ತಾರೆ.

ಹಾಗಾದರೆ ವೇಗದಿಂದ ಸಿಗುವುದೇನು? ಒಂದು ಗೆರೆಯ ಉದ್ದಕ್ಕೂ ಗುಂಡು ಹೋಗುತ್ತಿದೆ, ಸೈನಿಕನೊಬ್ಬ ಸೆಕೆಂಡಿಗೆ ನಾಲ್ಕು ಮೀಟರಿನಂತೆ ಆ ಗೆರೆಯನ್ನು ದಾಟುತ್ತಿದ್ದಾನೆ. ಬ್ರೆನ್‌ನ ಎರಡು ಗುಂಡುಗಳ ನಡುವೆ ಅವನು 48 ಸೆಂಟಿಮೀಟರು ಓಡಿರುತ್ತಾನೆ, ಎಂಜಿ-42ರ ಎರಡು ಗುಂಡುಗಳ ನಡುವೆ ಬರೀ 20. ಎದೆಯಿಂದ ಬೆನ್ನಿಗೆ ಮನುಷ್ಯನ ಮೈ ಅದಕ್ಕಿಂತ ದಪ್ಪ. ಮೊದಲನೆಯದರಲ್ಲಿ ನುಸುಳಿ ಹೋಗಲು ಸಂದಿಯಿದೆ, ಎರಡನೆಯದರಲ್ಲಿ ಹೆಚ್ಚುಕಡಿಮೆ ಇಲ್ಲ. ಗುಂಡುಗಳು ಚದುರುವುದನ್ನು ಇಲ್ಲಿ ಬಿಟ್ಟಿದ್ದೇನೆ, ಆದರೂ ವೇಗದ ಅರ್ಥ ಇದರಲ್ಲಿದೆ: ಅದು ನೆಲಕ್ಕೆ ಬಾಗಿಲು ಹಾಕುತ್ತದೆ.

ಆ ಮುಚ್ಚಿದ ನೆಲದ ಆಕಾರ ನನ್ನನ್ನು ಇನ್ನೂ ಬೆರಗಾಗಿಸುತ್ತದೆ. ಒಂದೇ ಗುರಿಗೆ ಹೊಡೆದ ಗುಂಡುಗಳು ಚೂರು ಮೇಲೆ, ಚೂರು ಕೆಳಗೆ ಹೋಗಿ ನೆಲ ಮುಟ್ಟುವಾಗ ಉದ್ದನೆಯ ಕಿರಿದಾದ ಪಟ್ಟಿಯಾಗುತ್ತವೆ. ಸಮತಟ್ಟು ನೆಲದಲ್ಲಿ, 7.62 ಮಿಲಿಮೀಟರಿನ ಮೆಷಿನ್ ಗನ್‌ಗೆ ಅಮೆರಿಕದ ಸೇನಾ ಕೈಪಿಡಿ ಕೊಡುವ ಅಳತೆ ಇದು: 500 ಮೀಟರ್ ದೂರದಲ್ಲಿ ಪಟ್ಟಿಯ ಉದ್ದ 110 ಮೀಟರ್, ಅಗಲ ಒಂದೇ ಮೀಟರ್. 1000 ಮೀಟರಿನಲ್ಲಿ ಉದ್ದ 75ಕ್ಕೆ ಇಳಿದು ಅಗಲ ಎರಡಾಗುತ್ತದೆ. ನೂರರಲ್ಲೊಂದು ಅಳತೆಯ ಬೊಂಬೆಗಳಿಟ್ಟ ಮೇಜಿನ ಮೇಲೆ ಮೊದಲ ಪಟ್ಟಿಯನ್ನು ಇಳಿಸಿದರೆ, ಒಂದು ಸೆಂಟಿಮೀಟರ್ ಅಗಲದ ದಾರ ಒಂದು ಮೀಟರಿಗೂ ಉದ್ದಕ್ಕೆ ಚಾಚಿಕೊಳ್ಳುತ್ತದೆ.

ಸಾಲಾಗಿ ಬರುವ ಸೈನಿಕರಿಗೆ ಎದುರಿನಿಂದ ಹೊಡೆದರೆ ಈ ಪಟ್ಟಿ ಸಾಲನ್ನು ಅಡ್ಡ ಕತ್ತರಿಸುತ್ತದೆ, ಒಬ್ಬಿಬ್ಬರು ಸಿಗುತ್ತಾರೆ. ಪಕ್ಕದಿಂದ ಹೊಡೆದರೆ ಇಡೀ ಸಾಲು ಪಟ್ಟಿಯೊಳಗೆ ಬೀಳುತ್ತದೆ. ಮೆಷಿನ್ ಗನ್‌ಗಳನ್ನು ಪಕ್ಕದಿಂದ ಹೊಡೆಯುವಂತೆ ಹೂಡಲು ಸೇನೆಗಳು ಅಷ್ಟು ಶ್ರಮ ಪಡುವುದು ಇದಕ್ಕೇ. 1916ರ ಜುಲೈ 1ರಂದು, ಸೋಮ್ ಕದನದ ಮೊದಲ ದಿನ, ಬ್ರಿಟಿಷ್ ಸೇನೆಯ 57,470 ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಸತ್ತವರೇ 19,240. ಅದರಲ್ಲಿ ಜರ್ಮನ್ ಮೆಷಿನ್ ಗನ್‌ಗಳ ಪಾಲು ದೊಡ್ಡದು. ಹನ್ನೆರಡು ದಾಳದ ನಿಯಮಕ್ಕೆ ಎದುರು ಯಾವುದು, ಪಕ್ಕ ಯಾವುದು ಎಂಬುದೇ ತಿಳಿಯದು.

ಪಟ್ಟಿಯೊಳಗಿದ್ದೂ ಗುಂಡು ತಾಗದವನ ಗತಿ ಏನು? ಅವನು ನೆಲಕ್ಕೆ ಅಂಟಿಕೊಳ್ಳುತ್ತಾನೆ. ಮುಂದೆ ಹೋಗಲಾರ, ಗುರಿಯಿಟ್ಟು ಹೊಡೆಯಲಾರ. ಆ ಗಳಿಗೆಗೆ ಅವನ ತುಕಡಿ ಕಾಳಗದಲ್ಲಿ ಇಲ್ಲದಂತೆಯೇ. ಜಾನ್ ಹಿಲ್ ರೂಪಿಸಿ 1977ರಲ್ಲಿ ಬಂದ ‘ಸ್ಕ್ವಾಡ್ ಲೀಡರ್’ ಎಂಬ ಆಟವನ್ನು ನಾನು ಮೆಚ್ಚುವುದು ಇದನ್ನು ಗುರುತಿಸಿದ್ದಕ್ಕೆ. ಅಲ್ಲಿ ಗುಂಡಿನೇಟಿನ ಫಲ ಹಲವು ಸಲ ಸಾವಲ್ಲ, ಮನೋಬಲದ ಪರೀಕ್ಷೆ. ಸೋತ ತುಕಡಿ ಚದುರಿ ಮರೆ ಹುಡುಕಬೇಕು. ನಾಯಕನೊಬ್ಬ ಬಂದು ಹುರಿದುಂಬಿಸಿದರೆ ಮತ್ತೆ ಸೆಟೆದು ನಿಂತೀತು.

ನಾನು ನಿಯಮ ಬರೆದರೆ ಗನ್ನಿಗೆ ದಾಳ ಕೊಡುವ ಮುಂಚೆ ಒಂದು ದಾರ ಕೊಡುತ್ತೇನೆ. ಆಟಗಾರ ತನ್ನ ಸರದಿಯಲ್ಲಿ ಅದನ್ನು ಗನ್ನಿನಿಂದ ಮೇಜಿನ ಮೇಲೆ ನೇರಕ್ಕೆ ಹಾಸಲಿ, ಗುಡ್ಡವೋ ಗೋಡೆಯೋ ಅಡ್ಡ ಬಂದಲ್ಲಿ ಅದು ನಿಲ್ಲಲಿ. ಎದುರಾಳಿಯ ಸರದಿ ಮುಗಿಯುವವರೆಗೂ ದಾರ ಅಲ್ಲೇ ಇರಲಿ, ಅದನ್ನು ದಾಟಲು ಬಂದ ಪ್ರತಿ ತುಕಡಿಯೂ ಮೊದಲು ಮನೋಬಲದ ದಾಳ ಹಾಕಲಿ. ಆಗ ಎದುರಾಳಿ ದಾಳ ಎಣಿಸುವುದನ್ನು ಬಿಟ್ಟು, ಬಗ್ಗಿ ಮೇಜಿನ ಮಟ್ಟಕ್ಕೆ ಕಣ್ಣಿಟ್ಟು, ತನ್ನವರನ್ನು ಮರೆಮಾಡುವಷ್ಟು ಎತ್ತರದ ದಿಣ್ಣೆ ಎಲ್ಲಿದೆ ಎಂದು ಹುಡುಕತೊಡಗುತ್ತಾನೆ.