ಸಂಕೇತದ ತಂತಿಗೆ ಮೋಟಾರಿನ ಗದ್ದಲ

ಬಸವಕಲ್ಯಾಣ ನೋಡಲು ಹೋಗಿದ್ದ ನಾವು ಕೆಲವು ಬೆಳೆಗಾರರು, ಪರಿಚಿತ ರೈತರೊಬ್ಬರ ಕರೆಯ ಮೇರೆಗೆ ಹುಮನಾಬಾದ್ ಸೀಮೆಯ ನಿರ್ಣಾಕ್ಕೂ ಹೋಗಿ ಬಂದೆವು. ಅಲ್ಲಿ ಕಾಫಿಯಿಲ್ಲ, ಅಡಿಕೆಯಿಲ್ಲ. ತೊಗರಿ, ಕಬ್ಬಿನ ನಾಡು. ಆದರೆ ನೀರಿನ ಚಿಂತೆ, ಮೋಟಾರಿನ ಚಿಂತೆ ಎಲ್ಲ ಕಡೆಯೂ ಒಂದೇ.

ಆ ರೈತರು ಕಬ್ಬಿನ ಹನಿ ನೀರಾವರಿಗೆ ಮೋಟಾರಿನ ವೇಗ ಏರಿಸಿ ಇಳಿಸುವ ಡ್ರೈವ್ (ವಿ.ಎಫ್.ಡಿ.) ಹಾಕಿಸಿದ್ದರು. ಪೈಪಿನಲ್ಲಿ ಕೂರಿಸಿದ ಒತ್ತಡದ ಸೆನ್ಸಾರ್ ಅಳತೆಯನ್ನು ತಿಳಿಸಬೇಕು, ಡ್ರೈವ್ ಅದಕ್ಕೆ ತಕ್ಕಂತೆ ಓಡಿಸಬೇಕು. "ಮೋಟಾರ್ ಚಾಲೂ ಆಯ್ತಂದ್ರ ಅಂಕಿ ಕುಣೀಲತದ ನೋಡ್ರಿ, ಬಂದ್ ಮಾಡಿದ್ರ ಸುಮ್ನ ಕೂಡ್ತದ" ಎಂದರು. ಸೆನ್ಸಾರನ್ನು ಎರಡು ಸಲ ಬದಲಾಯಿಸಿದ್ದರಂತೆ. ದೋಷವಿದ್ದದ್ದು ಸೆನ್ಸಾರಿನಲ್ಲಲ್ಲ. ಅದರ ತಂತಿಯೂ ಮೋಟಾರಿನ ಕೇಬಲ್ಲೂ ಒಂದೇ ಪಿ.ವಿ.ಸಿ. ಪೈಪಿನಲ್ಲಿ ಜೊತೆಯಾಗಿ ಹೋಗಿದ್ದವು.

ನಮ್ಮ ತೋಟಗಳಲ್ಲೂ ಈಗ ಡ್ರೈವ್‌ಗಳು ಬಂದಿವೆ. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಸೌರ ಪಂಪುಗಳಲ್ಲಿ ಎ.ಸಿ. ಮೋಟಾರು ಇರುವಲ್ಲಿ ನಿಯಂತ್ರಕವೂ ಇದೇ ಜಾತಿಯದು. ರೊಬಸ್ಟಾಗೆ ಹೂವಿನ ನೀರು ಕೊಡುವ ಫೆಬ್ರವರಿ-ಮಾರ್ಚ್‌ನಲ್ಲಿ ಪಂಪು ಕಾರಣವಿಲ್ಲದೆ ನಿಂತರೆ ಆ ವರ್ಷದ ಫಸಲಿಗೇ ಏಟು. ಆದ್ದರಿಂದ ಈ ವಿಷಯವಾಗಿ ಎರಡು ಮಾತು.

ಗದ್ದಲ ಹುಟ್ಟುವುದು ಹೇಗೆ?

ಡ್ರೈವ್ ಬರುವ ಕರೆಂಟನ್ನು ಮೊದಲು ಡಿ.ಸಿ. ಮಾಡಿಕೊಂಡು, ಬಳಿಕ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಮೋಟಾರಿಗೆ ಕಳಿಸುತ್ತದೆ. 415 ವೋಲ್ಟಿನ ಲೈನಿನಲ್ಲಿ ಈ ಡಿ.ಸಿ. ಸುಮಾರು 585 ವೋಲ್ಟ್ ಇರುತ್ತದೆ. ಅಷ್ಟು ವೋಲ್ಟೇಜು ಕಣ್ಣುಮುಚ್ಚಿ ತೆರೆಯುವುದಕ್ಕಿಂತ ಎಷ್ಟೋ ಬೇಗ ಏರಿ ಇಳಿಯುವಾಗ ಪಕ್ಕದ ತಂತಿಗೂ ಅದರ ಸೋಂಕು ತಗಲುತ್ತದೆ.

ಸೆನ್ಸಾರಿನ ಸಂಕೇತವಾದರೋ ಬಹಳ ಸಣ್ಣದು: ಸಾಮಾನ್ಯವಾಗಿ 4ರಿಂದ 20 ಮಿಲಿ ಆಂಪಿಯರ್. 10 ಬಾರ್ ಅಳೆಯುವ ಸೆನ್ಸಾರಿನಲ್ಲಿ ಒಂದು ಬಾರ್‌ಗೆ 1.6 ಮಿಲಿ ಆಂಪಿಯರ್ ಮಾತ್ರ. 0.8ರಷ್ಟು ಗದ್ದಲ ಸೇರಿದರೆ ಲೆಕ್ಕ ಅರ್ಧ ಬಾರ್ ತಪ್ಪುತ್ತದೆ.

ಮಾಡಬೇಕಾದ್ದು

1. ಎರಡು ಕೇಬಲ್‌ಗಳನ್ನು ಬೇರ್ಪಡಿಸಿ. ಕನಿಷ್ಠ ಒಂದು ಅಡಿ ಅಂತರವಿರಲಿ, ಹೆಚ್ಚಿದ್ದಷ್ಟೂ ಒಳ್ಳೆಯದು. ದಾಟಿಸಲೇಬೇಕಾದರೆ ನೇರ ಅಡ್ಡಲಾಗಿ ದಾಟಿಸಿ. ಪಿ.ವಿ.ಸಿ. ಪೈಪು ಇಲಿಯನ್ನು ತಡೆದೀತು, ಗದ್ದಲವನ್ನು ತಡೆಯದು.

2. ಸಂಕೇತಕ್ಕೆ ಹೆಣೆದ ಜೋಡಿ ತಂತಿ ಬಳಸಿ. 1881ರಲ್ಲಿ ಗ್ರಹಾಂ ಬೆಲ್ ಟೆಲಿಫೋನಿಗಾಗಿ ಕಂಡುಕೊಂಡ ಉಪಾಯವಿದು. ಹೆಣಿಗೆಯಿಂದ ಎರಡು ತಂತಿಗಳಿಗೂ ಸೋಂಕು ಸಮನಾಗಿ ತಗಲಿ, ಬಹುಪಾಲು ಪರಸ್ಪರ ರದ್ದಾಗುತ್ತದೆ.

3. ಆ ಜೋಡಿಯ ಮೇಲೆ ಲೋಹದ ಕವಚ (ಶೀಲ್ಡ್) ಇರಲಿ. ಅದನ್ನು ಪ್ಯಾನೆಲ್ ಕಡೆ ಮಾತ್ರ ಅರ್ತ್ ಮಾಡಿ. ಸೆನ್ಸಾರ್ ಕಡೆ ಕತ್ತರಿಸಿ ಟೇಪು ಸುತ್ತಿ. ಎರಡೂ ಕಡೆ ಕಟ್ಟಿದರೆ ಎರಡು ಜಾಗದ ಭೂಮಿಯ ವೋಲ್ಟೇಜಿನ ವ್ಯತ್ಯಾಸದಿಂದ ಕವಚದಲ್ಲೇ ಕರೆಂಟು ಹರಿಯುತ್ತದೆ. ಮೋಟಾರಿನ ಕೇಬಲ್ಲಿಗೆ ಕವಚವಿದ್ದರೆ ನಿಯಮ ಬೇರೆ: ಅದನ್ನು ಎರಡೂ ತುದಿಯಲ್ಲಿ ಅರ್ತ್ ಮಾಡಬೇಕು.

4. ಅರ್ತಿಂಗ್ ನೋಡಿಕೊಳ್ಳಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಗುಂಡಿಗೆ ನೀರು ಬೇಕೇ ಬೇಕು. ಸೆನ್ಸಾರಿಗೆಂದು ಬೇರೆಯೇ ಸರಳು ನೆಟ್ಟು ಒಂಟಿಯಾಗಿ ಬಿಡುವುದು ಸಿಡಿಲಿನ ಕಾಲಕ್ಕೆ ಅಪಾಯಕರ. ಎಲ್ಲವೂ ಪ್ಯಾನೆಲ್‌ನ ಒಂದೇ ಅರ್ತ್ ಪಟ್ಟಿಗೆ ಸೇರಲಿ. ನ್ಯೂಟ್ರಲ್ ತಂತಿಯನ್ನು ಅರ್ತ್ ಆಗಿ ಬಳಸುವುದಂತೂ ಕೂಡದು.

5. ಮೋಟಾರಿನ ಕೇಬಲ್ ಆದಷ್ಟು ಗಿಡ್ಡ ಇರಲಿ. ತೀರ ಉದ್ದವಾದರೆ ಮೋಟಾರಿನ ತುದಿಯಲ್ಲಿ ವೋಲ್ಟೇಜು ಇಮ್ಮಡಿಯವರೆಗೂ ಏರಿ ವೈಂಡಿಂಗಿಗೆ ಪೆಟ್ಟು. ಆಳದ ಕೊಳವೆಬಾವಿಗಳಲ್ಲಿ ಇದು ತಪ್ಪಿಸಲಾಗದು. ಅಂಥ ಕಡೆ ಡ್ರೈವ್‌ನ ಹೊರದಾರಿಗೆ ಫಿಲ್ಟರ್ ಕೇಳಿ ಹಾಕಿಸಿ.

ಖರ್ಚಿಗೆ ಮೊದಲು ಪರೀಕ್ಷೆ

ಮೋಟಾರು ನಿಲ್ಲಿಸಿದಾಗ ಅಂಕಿ ಸ್ಥಿರವಾಗಿದ್ದು, ಓಡಿದಾಗ ಮಾತ್ರ ಕುಣಿದರೆ ಸೆನ್ಸಾರನ್ನು ದೂರಬೇಡಿ. ಒಂದು ತುಂಡು ಕವಚದ ಕೇಬಲನ್ನು ನೆಲದ ಮೇಲೆ ದೂರದಿಂದ ಹಾಯಿಸಿ ತಾತ್ಕಾಲಿಕವಾಗಿ ಜೋಡಿಸಿ ನೋಡಿ. ಕುಣಿತ ನಿಂತರೆ ಕಾರಣ ಸಿಕ್ಕಿತು. ಕೈ ಹಾಕುವ ಮೊದಲು ಮೈನ್ ತೆಗೆದು, ಡ್ರೈವ್‌ನ ಪುಸ್ತಕದಲ್ಲಿ ಹೇಳಿದಷ್ಟು ನಿಮಿಷ ಕಾಯಿರಿ. ಕರೆಂಟು ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣಾಪಾಯವಾಗುವಷ್ಟು ವಿದ್ಯುತ್ ಉಳಿದಿರುತ್ತದೆ. ಸೌರ ಪಂಪಿನಲ್ಲಿ ಫಲಕಗಳ ಕಡೆಯ ಸ್ವಿಚ್ಚನ್ನೂ ತೆಗೆಯಬೇಕು. ಜೋಡಣೆಯ ಕೆಲಸ ಬಲ್ಲ ಎಲೆಕ್ಟ್ರಿಷಿಯನ್‌ರದೇ ಆಗಲಿ.

ನಿರ್ಣಾದಲ್ಲಿ ನಾವಿದ್ದಾಗಲೇ ಹೀಗೆ ಬೇರೆ ಕೇಬಲ್ ಎಳೆಸಿ ನೋಡಿದೆವು. ಅಂಕಿ ನಿಂತಲ್ಲೇ ನಿಂತಿತು. ಆ ರೈತರು ನಕ್ಕು, ತೆಗೆದಿಟ್ಟಿದ್ದ ಎರಡು ಹಳೆಯ ಸೆನ್ಸಾರುಗಳನ್ನು ತಂದು ತೋರಿಸಿದರು. ಒಂದೊಂದಾಗಿ ಜೋಡಿಸಿ ನೋಡಿದಾಗ ಎರಡೂ ಚೆನ್ನಾಗಿಯೇ ಇದ್ದವು. ನಮ್ಮ ಸದಸ್ಯರು ಹೊಸ ಸೆನ್ಸಾರಿಗೆ ಹಣ ಕೊಡುವ ಮೊದಲು ತಂತಿ ಹೋದ ದಾರಿಯನ್ನೊಮ್ಮೆ ನಡೆದು ನೋಡಲಿ ಎಂಬುದೇ ನಮ್ಮ ವಿನಂತಿ.