ಪಾಸ್‌ವರ್ಡ್ ಗಟ್ಟಿಯಾದರೆ ಸಾಲದು, ಲೈಬ್ರರಿಯೂ ಕಲಿಯಬೇಕು

‘ದೃಢೀಕರಣ ವಿಧಾನ 10ಕ್ಕೆ ಬೆಂಬಲವಿಲ್ಲ.’ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಹೊಸ ಆವೃತ್ತಿಗೆ ಏರಿಸಿದ ಜಾವಾ ಪ್ರೋಗ್ರಾಮರ್‌ಗಳಲ್ಲಿ ಹಲವರು ಈ ಅರ್ಥದ ಇಂಗ್ಲಿಷ್ ಸಾಲನ್ನು ಕಂಡಿದ್ದಾರೆ. ಪಾಸ್‌ವರ್ಡ್ ಸರಿ ಇದೆ, ಸರ್ವರ್ ಓಡುತ್ತಿದೆ, ಆದರೂ ಒಳಗೆ ಬಿಡುವುದಿಲ್ಲ. ಅಡ್ಡಿ ಇರುವುದು ನಡುವಿನ ಕ್ಲೈಂಟ್ ಲೈಬ್ರರಿಯಲ್ಲಿ. ಅಪ್ಲಿಕೇಶನ್ ಪರವಾಗಿ ಡೇಟಾಬೇಸಿನೊಡನೆ ಮಾತಾಡುವುದು ಅದೇ.

ಯಾವ ಒಳ್ಳೆಯ ಸರ್ವರ್ ಕೂಡ ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಡುವುದಿಲ್ಲ. ಗಿರಣಿಗೆ ಹಾಕಿದ ಕಾಳಿನಂತೆ ಅದನ್ನು ಗಣಿತದಲ್ಲಿ ಬೀಸಿ, ಬಂದ ಹಿಟ್ಟನ್ನಷ್ಟೇ ಇಡುತ್ತದೆ. ಇದೇ ಹ್ಯಾಶ್. ಪೋಸ್ಟ್‌ಗ್ರೆಸ್ ಬಹುಕಾಲ ನೆಚ್ಚಿದ್ದು 1991ರಲ್ಲಿ ರೊನಾಲ್ಡ್ ರಿವೆಸ್ಟ್ ರೂಪಿಸಿದ ಎಂಡಿ5 ಎಂಬ ಗಿರಣಿಯನ್ನು. ಅದರ ವೇಗವೇ ಈಗ ಶತ್ರು: ಇಂದಿನ ಒಂದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಸಾವಿರಾರು ಕೋಟಿ ಊಹೆಗಳನ್ನು ಬೀಸಿ ನೋಡಬಲ್ಲದು. ಪಾಸ್‌ವರ್ಡಿಗೆ ಬೆರೆಸುತ್ತಿದ್ದುದು ಬಳಕೆದಾರನ ಹೆಸರು ಮಾತ್ರ. ಹಾಗಾಗಿ ಎರಡು ಕಡೆ ಹೆಸರೂ ಪಾಸ್‌ವರ್ಡೂ ಒಂದೇ ಆಗಿದ್ದರೆ ಯಾವ ದೇಶದ ಸರ್ವರಿನಲ್ಲಾದರೂ ಅದೇ ಹ್ಯಾಶ್. ಇದಕ್ಕಿಂತ ದೊಡ್ಡ ಕುಂದು ಇನ್ನೊಂದಿತ್ತು. ಕದ್ದವನು ಹ್ಯಾಶನ್ನು ಒಡೆಯಬೇಕಾಗಿಯೇ ಇರಲಿಲ್ಲ, ಅದನ್ನೇ ಬಳಸಿ ಲಾಗಿನ್ ಆಗಬಹುದಿತ್ತು.

2017ರ ಅಕ್ಟೋಬರಿನಲ್ಲಿ ಬಂದ 10ನೇ ಆವೃತ್ತಿ ಸ್ಕ್ರ್ಯಾಮ್-ಶಾ-256 ವಿಧಾನವನ್ನು ತಂದಿತು. ಪ್ರತಿ ಪಾಸ್‌ವರ್ಡಿಗೂ ಬೇರೆಯೇ ಆದ ಯಾದೃಚ್ಛಿಕ ‘ಉಪ್ಪು’ ಬೆರೆಯುತ್ತದೆ, ಬೀಸುವುದು 4,096 ಸುತ್ತು. ಸರ್ವರಿನಲ್ಲಿ ಉಳಿಯುವ ಅಂಶವನ್ನು ಕದ್ದರೂ ಅದೊಂದರಿಂದಲೇ ಒಳಹೊಗಲಾಗದು. ಕ್ಲೈಂಟ್ ತನ್ನ ಗುರುತು ತೋರಿಸಿದ ಮೇಲೆ ಸರ್ವರ್ ಕೂಡ ತಾನು ಅಸಲಿ ಎಂದು ತೋರಿಸಬೇಕು.

ಲಾಗಿನ್ ಹೊತ್ತಿನಲ್ಲಿ ಆ 4,096 ಸುತ್ತು ಬೀಸುವ ಕೆಲಸ ಬೀಳುವುದು ಕ್ಲೈಂಟಿನ ಮೇಲೆ. ಆದ್ದರಿಂದಲೇ ಸರ್ವರ್ ಬದಲಾದರೆ ಸಾಲದೆ ಪ್ರತಿ ಭಾಷೆಯ ಲೈಬ್ರರಿಯೂ ಹೊಸ ಪಾಠ ಕಲಿಯಬೇಕಾಯಿತು. ಜಾವಾದ ಜೆಡಿಬಿಸಿ ಡ್ರೈವರ್ 2018ರಲ್ಲಿ, 42.2.0 ಆವೃತ್ತಿಯಲ್ಲಿ ಕಲಿತಿತು. ಅದಕ್ಕಿಂತ ಹಳೆಯ ಡ್ರೈವರಿಗೆ ಸ್ಕ್ರ್ಯಾಮ್ ಗೊತ್ತಿಲ್ಲದ್ದರಿಂದಲೇ ಆರಂಭದಲ್ಲಿ ಹೇಳಿದ ‘ವಿಧಾನ 10’ರ ಸಾಲು ಬರುವುದು. ಪೋಸ್ಟ್‌ಗ್ರೆಸ್ ಸ್ಕ್ರ್ಯಾಮನ್ನು ತಾನಾಗಿ ಬಳಸತೊಡಗಿದ್ದು 2021ರ 14ನೇ ಆವೃತ್ತಿಯಿಂದ. ಲೈಬ್ರರಿಗಳಿಗೆ ಕೊಟ್ಟ ಆ ನಾಲ್ಕು ವರ್ಷದ ಬಿಡುವು ವಿವೇಕದ್ದೇ. 2025ರ 18ನೇ ಆವೃತ್ತಿ ಎಂಡಿ5 ಪಾಸ್‌ವರ್ಡ್ ಇಡಹೋದರೆ ಎಚ್ಚರಿಸುತ್ತದೆ.

ಡೇಟಾಬೇಸ್ ನೋಡಿಕೊಳ್ಳುವವರು ಮೊದಲು ಲೈಬ್ರರಿಗಳನ್ನು ನವೀಕರಿಸಲಿ, ಆಮೇಲೆ ಸರ್ವರಿನ ಸೆಟ್ಟಿಂಗ್ ಬದಲಿಸಲಿ. ಅಷ್ಟಕ್ಕೇ ನಿಲ್ಲಿಸಬಾರದು. ಹಿಟ್ಟಿನಿಂದ ಕಾಳು ಮರಳಿ ಬಾರದು. ಹಳೆಯ ಹ್ಯಾಶ್ ತಾನಾಗಿ ಸ್ಕ್ರ್ಯಾಮ್ ಆಗುವುದಿಲ್ಲ. ಪ್ರತಿ ಬಳಕೆದಾರನ ಪಾಸ್‌ವರ್ಡನ್ನೂ ಹೊಸದಾಗಿ ಹೊಂದಿಸಲೇಬೇಕು.