ಕಾರ್ಲ್ಟನ್ ಚಾಪ್ಮನ್

ಕಾರ್ಲ್ಟನ್ ಚಾಪ್ಮನ್ (13 ಏಪ್ರಿಲ್ 1971 – 12 ಅಕ್ಟೋಬರ್ 2020) ಬೆಂಗಳೂರು ಮೂಲದ ಭಾರತೀಯ ವೃತ್ತಿಪರ ಫುಟ್‌ಬಾಲ್ ಆಟಗಾರರು ಹಾಗೂ ತರಬೇತುದಾರರು. ಮಿಡ್‌ಫೀಲ್ಡರ್ ಆಗಿ ಆಡುತ್ತಿದ್ದ ಅವರು 1995ರಿಂದ 2001ರವರೆಗೆ ಭಾರತ ತಂಡವನ್ನು ಪ್ರತಿನಿಧಿಸಿದರು. ಕೆಲಕಾಲ ತಂಡದ ನಾಯಕರೂ ಆಗಿದ್ದರು. ಜೆಸಿಟಿ ಮತ್ತು ಈಸ್ಟ್ ಬೆಂಗಾಲ್ ಎಂಬ ಎರಡು ಕ್ಲಬ್‌ಗಳ ಪರವಾಗಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಪ್ರಶಸ್ತಿ ಗೆದ್ದರು. ಭಾರತದ ಫುಟ್‌ಬಾಲ್ ಕ್ರೀಡೆಯು ಕಾರ್ಖಾನೆ ಮತ್ತು ಇಲಾಖೆಗಳ ತಂಡಗಳ ಕಾಲದಿಂದ ವೃತ್ತಿಪರ ಲೀಗ್‌ನ ಕಾಲಕ್ಕೆ ಹೊರಳುತ್ತಿದ್ದ ದಶಕದಲ್ಲಿ ಅವರ ಆಟದ ಜೀವನ ಸಾಗಿತು. ಬೆಂಗಳೂರಿನವರಾದರೂ ಅವರ ಕ್ಲಬ್ ಮಟ್ಟದ ಮುಖ್ಯ ಸಾಧನೆಗಳಲ್ಲಿ ಹೆಚ್ಚಿನವು ಬಂಗಾಳ ಮತ್ತು ಪಂಜಾಬಿನ ಕ್ಲಬ್‌ಗಳ ಹೆಸರಿನಲ್ಲಿ ದಾಖಲಾಗಿವೆ.

ಹಿನ್ನೆಲೆ

ಬೆಂಗಳೂರಿಗೆ ಫುಟ್‌ಬಾಲ್‌ನ ದೀರ್ಘ ಪರಂಪರೆಯಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲನ್ನು ಗಳಿಸಿದ ಸಾರಂಗಪಾಣಿ ರಾಮನ್ ಹಾಗೂ ಈಸ್ಟ್ ಬೆಂಗಾಲ್‌ನ ‘ಪಂಚ ಪಾಂಡವ’ರಲ್ಲಿ ಒಬ್ಬರೆನಿಸಿದ ಅಹ್ಮದ್ ಖಾನ್ ಈ ನಗರದವರು. ಮೈಸೂರು ರಾಜ್ಯ ತಂಡವು 1968–69ರವರೆಗೆ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು.

ಆ ಕಾಲದಲ್ಲಿ ಬೆಂಗಳೂರಿನ ಪ್ರತಿಭಾವಂತ ಆಟಗಾರರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿದ್ದವು. ಐಟಿಐ, ಎಚ್‌ಎಎಲ್ ಮೊದಲಾದ ಸಾರ್ವಜನಿಕ ಉದ್ದಿಮೆಗಳಲ್ಲಿ ನೌಕರಿ ಪಡೆದು ಆ ಸಂಸ್ಥೆಯ ತಂಡಕ್ಕೆ ಆಡುವುದು ಮೊದಲನೆಯದು. ಇದರಲ್ಲಿ ತಿಂಗಳ ಸಂಬಳವಿತ್ತು. ಆಟ ನಿಂತ ಮೇಲೂ ಕೆಲಸ ಉಳಿಯುತ್ತಿತ್ತು. ಊರು ಬಿಟ್ಟು ಕೋಲ್ಕತ್ತದ ದೊಡ್ಡ ಕ್ಲಬ್‌ಗಳನ್ನು ಸೇರುವುದು ಎರಡನೆಯದು. ಇದರಲ್ಲಿ ಹೆಸರೂ ಹಣವೂ ಹೆಚ್ಚು. ಆದರೆ ಕಾಲಿಗೆ ಪೆಟ್ಟಾದರೆ ಅಥವಾ ಆಟ ಕುಂದಿದರೆ ಮುಂದಿನ ವರ್ಷದ ಭರವಸೆ ಇರಲಿಲ್ಲ. ಚಾಪ್ಮನ್ ಎರಡನೆಯ ದಾರಿಯನ್ನು ಹಿಡಿದರು.

ಟಾಟಾ ಅಕಾಡೆಮಿ ಮತ್ತು ಈಸ್ಟ್ ಬೆಂಗಾಲ್

1990ರಲ್ಲಿ ಚಾಪ್ಮನ್ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಆಯ್ಕೆಯಾದರು. 1987ರಲ್ಲಿ ಆರಂಭವಾದ ಈ ಅಕಾಡೆಮಿಯಲ್ಲಿ ದೇಶದ ವಿವಿಧ ಭಾಗಗಳ ಹುಡುಗರು ಒಟ್ಟಿಗೆ ವಾಸಿಸಿ, ಶಿಸ್ತುಬದ್ಧ ತರಬೇತಿ ಪಡೆಯುತ್ತಿದ್ದರು.

ತರಬೇತಿ ಮುಗಿಸಿ 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದ ಅವರು, ಮೊದಲ ಋತುವಿನಲ್ಲಿಯೇ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕಿನ ಅಲ್ ಜವ್ರಾ ತಂಡದ ವಿರುದ್ಧ ಹ್ಯಾಟ್ರಿಕ್ ಗಳಿಸಿದರು. ಈಸ್ಟ್ ಬೆಂಗಾಲ್ ಆ ಪಂದ್ಯವನ್ನು 6–2 ಅಂತರದಿಂದ ಗೆದ್ದುಕೊಂಡಿತು. ಗೋಲು ಗಳಿಸುವುದು ಮುಖ್ಯ ಹೊಣೆಯಲ್ಲದ ಮಿಡ್‌ಫೀಲ್ಡರ್ ಒಬ್ಬರು, ಏಷ್ಯಾ ಮಟ್ಟದ ಕ್ಲಬ್ ಸ್ಪರ್ಧೆಯಲ್ಲಿ ಮೂರು ಗೋಲು ಹೊಡೆದದ್ದರಿಂದ ಆ ಪಂದ್ಯ ಈಸ್ಟ್ ಬೆಂಗಾಲ್‌ನ ಇತಿಹಾಸದಲ್ಲಿ ಸ್ಮರಣೀಯವಾಗಿದೆ.

ಜೆಸಿಟಿ

1995ರಲ್ಲಿ ಚಾಪ್ಮನ್ ಪಂಜಾಬಿನ ಫಗ್ವಾಡಾದ ಜೆಸಿಟಿ ತಂಡಕ್ಕೆ ಹೋದರು. ಇದು ಬಟ್ಟೆ ಗಿರಣಿಯೊಂದು ಕಟ್ಟಿ ಬೆಳೆಸಿದ ತಂಡ. ಅಲ್ಲಿ ಕೇರಳದ ಐ. ಎಂ. ವಿಜಯನ್ ಮತ್ತು ಸಿಕ್ಕಿಮಿನ ಬೈಚುಂಗ್ ಭುಟಿಯಾ ಮುಂಪಡೆಯಲ್ಲಿದ್ದರು. ಹಿಂದಿನಿಂದ ಅವರಿಗೆ ಚೆಂಡು ಒದಗಿಸಿ ಆಟ ಕಟ್ಟುವ ಕೆಲಸ ಚಾಪ್ಮನ್ ಅವರದಾಗಿತ್ತು. ದೇಶದ ಮೂರು ರಾಜ್ಯಗಳಿಂದ ಬಂದ ಈ ಮೂವರ ಹೊಂದಾಣಿಕೆ ತೊಂಬತ್ತರ ದಶಕದ ಭಾರತೀಯ ಫುಟ್‌ಬಾಲ್‌ನ ಪ್ರಸಿದ್ಧ ಜೋಡಣೆಗಳಲ್ಲಿ ಒಂದು.

1996ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭಿಸಿತು. ಅದುವರೆಗೆ ಡ್ಯುರಾಂಡ್ ಕಪ್, ಫೆಡರೇಷನ್ ಕಪ್‌ನಂತಹ ನಾಕೌಟ್ ಟೂರ್ನಿಗಳೇ ದೇಶಮಟ್ಟದ ಪ್ರಮುಖ ಸ್ಪರ್ಧೆಗಳಾಗಿದ್ದವು. ಒಂದೆರಡು ವಾರಗಳ ಟೂರ್ನಿಯ ಬದಲು ತಿಂಗಳುಗಟ್ಟಲೆ ಸಮಾನ ಗುಣಮಟ್ಟದಲ್ಲಿ ಆಡುವ ತಂಡಕ್ಕೆ ಪ್ರಶಸ್ತಿ ಸಲ್ಲುವ ವ್ಯವಸ್ಥೆ ಹೀಗೆ ಬಂದಿತು. 1996–97ರ ಮೊದಲ ಲೀಗ್‌ನಲ್ಲಿ ಜೆಸಿಟಿ ಚಾಂಪಿಯನ್ ಆಯಿತು.

ಕೊಚ್ಚಿ ಮತ್ತು ಮರಳಿ ಕೋಲ್ಕತ್ತ

1997ರಲ್ಲಿ ಚಾಪ್ಮನ್ ಹೊಸದಾಗಿ ಸ್ಥಾಪನೆಯಾದ ಎಫ್‌ಸಿ ಕೊಚ್ಚಿನ್ ಕ್ಲಬ್ ಸೇರಿದರು. ಕಾರ್ಖಾನೆ ಅಥವಾ ಇಲಾಖೆಯ ಆಸರೆಯಿಲ್ಲದೆ, ಸಂಪೂರ್ಣ ವೃತ್ತಿಪರ ಕ್ಲಬ್ ಆಗಿಯೇ ನಡೆಯುವುದು ಅದರ ಉದ್ದೇಶವಾಗಿತ್ತು. ವಿಜಯನ್ ಕೂಡ ಅಲ್ಲಿಗೆ ಬಂದರು. ಅದೇ ವರ್ಷ ಕ್ಲಬ್ ಮೋಹನ್ ಬಗಾನ್ ತಂಡವನ್ನು ಸೋಲಿಸಿ ಡ್ಯುರಾಂಡ್ ಕಪ್ ಗೆದ್ದಿತು. ಆದರೆ ಹಣಕಾಸಿನ ಮುಗ್ಗಟ್ಟಿನಿಂದ ಕೆಲವೇ ವರ್ಷಗಳಲ್ಲಿ ಅದು ಮುಚ್ಚಿಹೋಯಿತು.

ಒಂದು ಋತುವಿನ ನಂತರ, 1998ರಲ್ಲಿ, ಚಾಪ್ಮನ್ ಈಸ್ಟ್ ಬೆಂಗಾಲ್‌ಗೆ ಮರಳಿದರು. 2000–01ರಲ್ಲಿ ಅವರ ನಾಯಕತ್ವದಲ್ಲಿ ಆ ಕ್ಲಬ್ ಮೊಟ್ಟಮೊದಲ ಬಾರಿಗೆ ರಾಷ್ಟ್ರೀಯ ಲೀಗ್ ಗೆದ್ದಿತು. ಆ ಗೆಲುವಿನೊಂದಿಗೆ, 2001ರಲ್ಲಿ ಅವರು ವೃತ್ತಿಪರ ಆಟದಿಂದ ನಿವೃತ್ತರಾದರು.

ರಾಷ್ಟ್ರೀಯ ತಂಡ

1997ರಲ್ಲಿ ಕಠ್ಮಂಡುವಿನಲ್ಲಿ ನಡೆದ ದಕ್ಷಿಣ ಏಷ್ಯಾ ಫುಟ್‌ಬಾಲ್ ಫೆಡರೇಷನ್ ಚಾಂಪಿಯನ್‌ಷಿಪ್ ಗೆದ್ದ ಭಾರತ ತಂಡದಲ್ಲಿ ಚಾಪ್ಮನ್ ಇದ್ದರು. ಫೈನಲ್‌ನಲ್ಲಿ ಭಾರತವು ಮಾಲ್ಡೀವ್ಸ್ ತಂಡವನ್ನು 5–1ರಿಂದ ಮಣಿಸಿತು.

ತರಬೇತುದಾರರಾಗಿ

ನಿವೃತ್ತಿಯ ನಂತರ ಚಾಪ್ಮನ್ ತಾವು ಕಲಿತ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿಯೇ ತರಬೇತಿ ನೀಡಿದರು. ಮುಂದೆ ಶಿಲ್ಲಾಂಗ್‌ನ ರಾಯಲ್ ವಾಹಿಂಗ್‌ಡೋ, ಕೋಲ್ಕತ್ತದ ಭವಾನಿಪುರ್ ಮೊದಲಾದ ತಂಡಗಳನ್ನು ಪಳಗಿಸಿದರು. ಕೊನೆಯ ವರ್ಷಗಳಲ್ಲಿ ಕೇರಳದ ಕೋಯಿಕ್ಕೋಡ್‌ನ ಕ್ವಾರ್ಟ್ಜ್ ಅಕಾಡೆಮಿಯ ತಾಂತ್ರಿಕ ನಿರ್ದೇಶಕರಾಗಿದ್ದರು. ಹೆಸರಾಂತ ದೊಡ್ಡ ತಂಡಗಳಿಗಿಂತ ಹೆಚ್ಚಾಗಿ ಅಕಾಡೆಮಿಗಳಲ್ಲಿ ಮತ್ತು ಕೆಳಹಂತದ ಲೀಗ್‌ಗಳ ತಂಡಗಳಲ್ಲಿ ಅವರು ದುಡಿದರು.

ನಿಧನ ಮತ್ತು ಮಹತ್ವ

ಚಾಪ್ಮನ್ 12 ಅಕ್ಟೋಬರ್ 2020ರಂದು ಹೃದಯಾಘಾತದಿಂದ ಬೆಂಗಳೂರಿನಲ್ಲಿ ನಿಧನರಾದರು. ಆಗ ಅವರ ವಯಸ್ಸು 49.

ಅವರ ವೃತ್ತಿಜೀವನವು ಭಾರತೀಯ ಫುಟ್‌ಬಾಲ್‌ನ ಒಂದು ಸಂಧಿಕಾಲದ ಚಿತ್ರವನ್ನು ಕೊಡುತ್ತದೆ. ಅವರು ಆಡಿದ ಮೂರು ಕ್ಲಬ್‌ಗಳಲ್ಲಿ ಈಸ್ಟ್ ಬೆಂಗಾಲ್ ಮಾತ್ರ ಉಳಿದುಕೊಂಡಿದೆ. ಲೀಗ್‌ನ ಮೊದಲ ಚಾಂಪಿಯನ್ ಜೆಸಿಟಿ 2011ರಲ್ಲಿ ವಿಸರ್ಜನೆಗೊಂಡಿತು. ರಾಷ್ಟ್ರೀಯ ಲೀಗ್‌ನ ಸ್ಥಾನಕ್ಕೆ 2007ರಲ್ಲಿ ಐ-ಲೀಗ್ ಬಂದಿತು. ಬೆಂಗಳೂರು ಎಫ್‌ಸಿ ಸ್ಥಾಪನೆಯಾದದ್ದು 2013ರಲ್ಲಿ, ಅಂದರೆ ಚಾಪ್ಮನ್ ಆಟ ನಿಲ್ಲಿಸಿ ಹನ್ನೆರಡು ವರ್ಷಗಳಾದ ಮೇಲೆ. ಆ ಕ್ಲಬ್ ತನ್ನ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದಿತು. ಇಂದಿನ ಆಟಗಾರರು ತಮ್ಮ ನಗರದಲ್ಲಿಯೇ ನಿರೀಕ್ಷಿಸಬಹುದಾದ ವೃತ್ತಿಜೀವನಕ್ಕಾಗಿ ಚಾಪ್ಮನ್ ಅವರ ಪೀಳಿಗೆ ಊರಿಂದೂರಿಗೆ ಸಾಗಬೇಕಾಗಿತ್ತು.

ಆಟದ ಜೀವನದ ಕಾಲಾನುಕ್ರಮ

• 1990–1993: ಟಾಟಾ ಫುಟ್‌ಬಾಲ್ ಅಕಾಡೆಮಿ, ಜಮ್‌ಶೆಡ್‌ಪುರ
• 1993–1995: ಈಸ್ಟ್ ಬೆಂಗಾಲ್, ಕೋಲ್ಕತ್ತ
• 1995–1997: ಜೆಸಿಟಿ, ಫಗ್ವಾಡಾ
• 1997–1998: ಎಫ್‌ಸಿ ಕೊಚ್ಚಿನ್, ಕೊಚ್ಚಿ
• 1998–2001: ಈಸ್ಟ್ ಬೆಂಗಾಲ್, ಕೋಲ್ಕತ್ತ